ಅಂಗಡಿಯ ದನಿ

ಮನುಷ್ಯನಿಗೆ ಎರಡು ದನಿಗಳಿರುತ್ತವೆ ಎಂಬುದು ನನ್ನ ಬಹುದಿನದ ಸಂಶೋಧನೆ. ಇದಕ್ಕಾಗಿ ಯಾವ ವಿಶ್ವವಿದ್ಯಾಲಯವೂ ನನಗೆ ಡಾಕ್ಟರೇಟು ಕೊಡಲಿಲ್ಲವೆಂಬುದು ಬೇರೆ ಮಾತು. ಒಂದು ಮನೆಯೊಳಗಿನ ದನಿ, ಇನ್ನೊಂದು ಅಂಗಡಿಯ ದನಿ. ಮನೆಯಲ್ಲಿ ಹೆಂಡತಿಯ ಎದುರು ತುಟಿ ಬಿಚ್ಚದ ಮಹಾಮೌನಿಯೂ ಕಿರಾಣಿ ಅಂಗಡಿಯ ಕಟ್ಟೆಯ ಮುಂದೆ ನಿಂತು ಕಾಲು ಕಿಲೋ ಸಾಸಿವೆ ಕೇಳುವಾಗ ಭಾಷಣಕಾರನಾಗುತ್ತಾನೆ. ಮನೆಮಂದಿಯನ್ನೆಲ್ಲ ನಡುಗಿಸುವ ಪ್ರಚಂಡನು ಅದೇ ಕಟ್ಟೆಯ ಮುಂದೆ, ಹಳೆಯ ಅಕ್ಕಿ ಇದೆಯೇ ಎಂದು ಕೇಳುವಷ್ಟರಲ್ಲಿ ಸಂಕೋಚದಿಂದ ಅರ್ಧವಾಗುತ್ತಾನೆ. ಪರಸ್ಥಳದ ಅಂಗಡಿಯಾದರಂತೂ ಕೇಳುವುದೇ ಬೇಡ. ಮೂವತ್ತೊಂದು ವರ್ಷ ಹೈಸ್ಕೂಲಿನ ಮಕ್ಕಳಿಗೆ ಹಿಂದಿ ಕಲಿಸಿದ ನಾನು ಒಮ್ಮೆ ಪುಣೆಯ ಬಟ್ಟೆಯಂಗಡಿಯೊಂದರಲ್ಲಿ ನನ್ನ ಲಿಂಗವಚನಶುದ್ಧವಾದ ಹಿಂದಿಯನ್ನು ಪ್ರಯೋಗಿಸಿ, ಟವೆಲ್ಲಿನ ಗುಣಾವಗುಣಗಳನ್ನು ಕುರಿತು ಒಂದು ದೀರ್ಘ ಸಂಯುಕ್ತ ವಾಕ್ಯವನ್ನೇ ರಚಿಸಿದೆ; ಅಂಗಡಿಯಾತ ಅದನ್ನು ಕೊನೆತನಕ ಸಾವಧಾನವಾಗಿ ಕೇಳಿಸಿಕೊಂಡು, ಅಚ್ಚ ಗದಗಿನ ಕನ್ನಡದಲ್ಲಿ ನನ್ನ ಊರು ಯಾವುದೆಂದು ವಿಚಾರಿಸಿದ. ಅಂದಿನಿಂದ ಪರಸ್ಥಳದ ಅಂಗಡಿಗಳಲ್ಲಿ ನಾನು ಬೆರಳು ತೋರಿಸಿ ವ್ಯವಹಾರ ಮುಗಿಸುವುದೇ ಹೆಚ್ಚು.

ಹೀಗೆ ಭಾಷೆಯ ವಿಷಯದಲ್ಲಿ ನಿವೃತ್ತಿಯನ್ನೂ ವೈರಾಗ್ಯವನ್ನೂ ಒಟ್ಟಿಗೆ ಸಂಪಾದಿಸಿ, ಗಜೇಂದ್ರಗಡದಲ್ಲಿ ತಮ್ಮನ ಕುಟುಂಬದೊಂದಿಗೆ ಕಾಲ ಹಾಕುತ್ತಿದ್ದ ನನಗೆ ಕಳೆದ ವರ್ಷ ಇಟಲಿಯ ಹೆಣ್ಣುಮಗಳೊಬ್ಬಳು ಶಿಷ್ಯೆಯಾಗಿ ಒದಗಿದಳು. ಹೆಸರು ಲೂಚಿಯಾ, ವಯಸ್ಸು ನಲವತ್ತರ ಆಸುಪಾಸು. ತನ್ನ ದೇಶದಲ್ಲಿ ಕೈಮಗ್ಗದ ಬಟ್ಟೆ ನೇಯುವ ಈಕೆ ನಮ್ಮೂರಿನ ಪಟ್ಟೆದಂಚಿನ ಸೀರೆಯನ್ನು ಎಲ್ಲಿಯೋ ಕಂಡು ಮನಸೋತು, ಅದನ್ನು ಕಲಿಯಲೆಂದೇ ನಮ್ಮ ಓಣಿಯ ನೇಕಾರರ ಮನೆಯೊಂದರಲ್ಲಿ ಎಂಟು ತಿಂಗಳು ಇರಲು ಬಂದಿದ್ದಳು. ಓಣಿಯ ಹೆಂಗಸರು ಆ ಹೆಸರನ್ನು ಎರಡು ದಿನ ನಾಲಗೆಯ ಮೇಲೆ ಹೊರಳಾಡಿಸಿ ನೋಡಿ, ಮೂರನೆಯ ದಿನ ಲಚ್ಚವ್ವ ಎಂದು ಪರಿಷ್ಕರಿಸಿದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಓಡಿಸಲು ಅವಳಿಗೆ ಮಾತು ಬೇಕಿರಲಿಲ್ಲ. ಹೊರಗೆ ಬಂದರೆ ಬೇಕಾಗುತ್ತಿತ್ತು. ಹೇಗೂ ಮಾಸ್ತರ ಖಾಲಿ ಇದ್ದಾರೆ ಎಂದು ನೇಕಾರರು ಅವಳನ್ನು ನನ್ನ ಮುಂದೆ ತಂದು ಕೂರಿಸಿದರು. ಅವಳ ಅರೆಬರೆ ಇಂಗ್ಲಿಷು ಮತ್ತು ನನ್ನ ಅರೆಬರೆ ಇಂಗ್ಲಿಷು ಸೇರಿ ಒಂದು ಪೂರ್ತಿ ಇಂಗ್ಲಿಷಾಗುತ್ತಿತ್ತಾದ್ದರಿಂದ ನಮ್ಮ ಸಂಭಾಷಣೆಗೆ ತೊಡಕಾಗಲಿಲ್ಲ.

ನಾನು ಹಳೆಯ ಚಾಳಿಯಂತೆ ವಿಭಕ್ತಿ ಪ್ರತ್ಯಯಗಳ ಪಟ್ಟಿಯನ್ನು ಹೊಸ ವಹಿಯಲ್ಲಿ ದುಂಡಗೆ ಬರೆದು ಸಿದ್ಧವಾಗಿದ್ದೆ. ಅವಳು ಅದನ್ನು ಬಹಳ ಗೌರವದಿಂದ ಎರಡೂ ಕೈಗಳಿಂದ ತೆಗೆದುಕೊಂಡು, ಅಷ್ಟೇ ಗೌರವದಿಂದ ಪಕ್ಕಕ್ಕಿಟ್ಟಳು. ಅವಳ ಊರಿಗೆ ಬೇಸಿಗೆಯಲ್ಲಿ ಹೊರದೇಶದ ಜನ ಇಟಾಲಿಯನ್ ಕಲಿಯಲು ಬರುತ್ತಾರಂತೆ. ಅವರು ಬೆಳಿಗ್ಗೆ ಒಂದೇ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ರೊಟ್ಟಿಯಂಗಡಿಗೋ ತರಕಾರಿ ಅಂಗಡಿಗೋ ಹೋಗುತ್ತಾರೆ. ಅಂಗಡಿಯವರು ತಪ್ಪನ್ನು ತಿದ್ದಿ, ಸರಿಯಾಗಿ ಹೇಳಿಸಿಯೇ ಸಾಮಾನು ಕೊಡುತ್ತಾರೆ. ದಿನಕ್ಕೊಂದು ಅಂಗಡಿ, ದಿನಕ್ಕೊಂದು ವಾಕ್ಯ. ತಾನೂ ಹಾಗೆಯೇ ಕಲಿಯುವೆನೆಂದೂ ನಾನು ಅಂಗಡಿಯ ವಾಕ್ಯಗಳನ್ನಷ್ಟೇ ಕೊಡಬೇಕೆಂದೂ ಅವಳ ಕರಾರು. ಗುರುದಕ್ಷಿಣೆಯಾಗಿ ಅವಳು ನನಗೆ ಇಟಾಲಿಯನ್ ಕಲಿಸತೊಡಗಿದಳು. ಅರವತ್ಮೂರರ ಪ್ರಾಯದಲ್ಲಿ, ಇಟಲಿಗೆ ಹೋಗುವ ಯಾವ ಯೋಗವೂ ಜಾತಕದಲ್ಲಿಲ್ಲದ ನಾನು, ಆ ಭಾಷೆಯನ್ನು ಗಜೇಂದ್ರಗಡದ ಪೇಟೆಯಲ್ಲಿಯೇ ಪ್ರಯೋಗಿಸುವುದು ಅನಿವಾರ್ಯವಾಯಿತು. ಮೂಲೆಯ ಕಿರಾಣಿ ಅಂಗಡಿಯ ಸಂಗಪ್ಪನ ಮುಂದೆ ನಿಂತು 'ಮೆಜ್ಜೊ ಕೀಲೊ ದಿ ಚಿಪೊಲ್ಲೆ, ಪೆರ್ ಫವೋರೆ' ಎಂದು ಅರ್ಧ ಕಿಲೋ ಉಳ್ಳಾಗಡ್ಡಿಯನ್ನು ವಿನಯಪೂರ್ವಕವಾಗಿ ಬೇಡಿದೆ. ಸಂಗಪ್ಪ ಕಿಲೋ ಎಂಬುದೊಂದು ತಿಳಿಯಿತೆಂದೂ ಉಳಿದದ್ದನ್ನು ಎಂದಿನಂತೆ ಬೆರಳಿನಿಂದ ತೋರಿಸಬೇಕೆಂದೂ ಹೇಳಿದ. ಹುಟ್ಟಿದೂರಿನಲ್ಲಿಯೇ ಪರದೇಶಿಯಾಗುವ ಸುಖ ಎಲ್ಲರಿಗೂ ಸಿಕ್ಕುವುದಿಲ್ಲ.

ಇತ್ತ ಶಿಷ್ಯೆಗೆ ಅಂಗಡಿಯ ವಾಕ್ಯಗಳನ್ನು ಎಲ್ಲಿಂದ ತರುವುದು? ನಾನೇ ಹೇಳಿ ಧ್ವನಿ ಮುದ್ರಿಸಿಕೊಡೋಣವೆಂದರೆ ನನ್ನ ಬಾಯಿಂದ ಬರುವುದು ಪಾಠಪುಸ್ತಕದ ಕನ್ನಡ. ಅಂಥ ಕನ್ನಡದಲ್ಲಿ ಕೇಳಿದರೆ ಸಂಗಪ್ಪ ಬೆಲ್ಲವನ್ನು ಕೊಡುವ ಬದಲು ಎದ್ದು ನಿಂತು ನಮಸ್ಕಾರ ಮಾಡಿಯಾನು. ಆಗ ನನಗೆ ನನ್ನ ಫೋನಿನಲ್ಲಿದ್ದ ನೀಲವ್ವನ ಮೆಸೇಜುಗಳು ನೆನಪಾದವು.

ನೀಲವ್ವ ನನ್ನ ಹೆಂಡತಿ. ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನವಳು. ಈ ದಂಡೆಯಲ್ಲಿ ನಿಂತು ಆ ದಂಡೆಯವರನ್ನು ಕರೆದು ಮಾತಾಡಿಸಿ ಬೆಳೆದ ಗಂಟಲು. ಮಾತಿನ ಕೊನೆಯನ್ನು ಸ್ವಲ್ಪ ಎಳೆದು, ಮೇಲಕ್ಕೆತ್ತಿ, ಅಲ್ಲಿಯೇ ಬಿಟ್ಟುಬಿಡುವ ಅವಳ ರೀತಿ ನಮ್ಮ ಪೇಟೆಗೆಲ್ಲ ಪರಿಚಿತವಾಗಿತ್ತು. ಚೀಟಿ ಬರೆಯುವಷ್ಟರಲ್ಲಿ ಒಲೆಯ ಮೇಲಿನ ಪಲ್ಯ ಸೀದುಹೋಗುತ್ತದೆಂದು ಅವಳು ನಾನು ಹೊರಗೆ ಹೋದಾಗಲೆಲ್ಲ ತರಬೇಕಾದ ಸಾಮಾನುಗಳನ್ನು ಫೋನಿಗೆ ಹೇಳಿ ಕಳಿಸುತ್ತಿದ್ದಳು. ಹೇಳುತ್ತಿದ್ದುದು ಗಂಡನಿಗಾದರೂ ಹೊರಡುತ್ತಿದ್ದುದು ಅಂಗಡಿಯ ದನಿಯೇ. ಫೋನೆಂಬುದನ್ನೂ ಅಂಗಡಿಯವನಂತೆ ಗದರಿಸಿ ಒಪ್ಪಿಸಬೇಕೆಂದು ಅವಳು ನಂಬಿದ್ದಳೋ ಏನೋ. ತೊಗರಿಬೇಳೆ ಹಳತು ಕೊಟ್ಟರೆ ವಾಪಸು ಮಾಡಿರಿ, ಬದನೆಕಾಯಿ ಮುಳ್ಳಿದ್ದದ್ದು ನೋಡಿ ತನ್ನಿರಿ, ಹೋದ ಸಲದಂತೆ ಮೆತ್ತಗಿನವನ್ನು ತಂದರೆ ನೀವೇ ಉಣ್ಣಿರಿ: ಎರಡು ವರ್ಷದ ಸಂಸಾರವೆಲ್ಲ ನನ್ನ ಅಂಗಿಯ ಜೇಬಿನಲ್ಲಿ ಹೀಗೆ ಜಮೆಯಾಗಿತ್ತು. ನಡುನಡುವೆ ಕೆಮ್ಮು, ಕುಕ್ಕರಿನ ಸೀಟಿ, ಒಳಗೆ ನುಗ್ಗಿದ ಬೆಕ್ಕನ್ನು ಓಡಿಸುವ ಸದ್ದು ಎಲ್ಲ ಇದ್ದವು.

ಅವಳು ತೀರಿಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು. ಅವಳು ಹೋದ ದಿನ ತಮ್ಮ ಮತ್ತು ಅವನ ಹೆಂಡತಿ ಶಾಂತವ್ವ ಇಟಗಿಯ ಭೀಮಾಂಬಿಕೆಯ ದರ್ಶನಕ್ಕೆ ಹೋಗಿದ್ದರು. ನಾನು ರೋಣದಲ್ಲಿ, ಹಳೆಯ ಸಹೋದ್ಯೋಗಿಯ ಮಗಳ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಕೂತಿದ್ದೆ. ಜೇಬಿನಲ್ಲಿ ಫೋನು ಒಮ್ಮೆ ಮಿಡುಕಿತು. ಕೈ ಹೋಳಿಗೆ ತುಪ್ಪದಲ್ಲಿತ್ತು. ನೀಲವ್ವನ ಪಟ್ಟಿ ಇರಬೇಕು, ಪೇಟೆಯಲ್ಲಿ ಇಳಿದ ಮೇಲೆ ಕೇಳಿದರಾಯಿತು ಎಂದುಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಬಸ್ಸಿನಲ್ಲಿದ್ದಾಗ ತಮ್ಮನ ಫೋನು ಬಂತು. ಅವರು ಮನೆಗೆ ಬಂದು ನೋಡಿದಾಗ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳಂತೆ, ಫೋನು ತೊಡೆಯ ಮೇಲಿತ್ತಂತೆ. ಎದೆ ನಿಂತದ್ದು, ಹತ್ತು ನಿಮಿಷದೊಳಗಿನ ಮಾತು, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ದವಾಖಾನೆಯವರು ಹೇಳಿದರು. ಆ ಕೊನೆಯ ಮೆಸೇಜನ್ನು ನಾನು ಕೇಳಲಿಲ್ಲ. ಅದರ ಪಕ್ಕದ ಸಣ್ಣ ಹಸಿರು ಚುಕ್ಕೆ ಹಾಗೆಯೇ ಉಳಿಯಿತು. ಬೆಲ್ಲ, ಬೇಳೆ ಎಂದಿದ್ದರೆ ಸರಿ. ಬಾ ಎಂದು ಕರೆದಿದ್ದರೆ? ಕೇಳಿಸಿಕೊಂಡರೆ ಕಳಿಸಿದವರ ಫೋನಿನಲ್ಲಿ ಗುರುತು ನೀಲಿಯಾಗುತ್ತದಂತೆ. ಅದು ನೀಲಿಯಾಗುವುದನ್ನು ಕಾಯುತ್ತ ಅವಳು ಎಷ್ಟು ಹೊತ್ತು ಕೂತಿದ್ದಳೋ ಎಂಬ ಒಂದು ಯೋಚನೆ ಹದಿನಾಲ್ಕು ತಿಂಗಳು ನನ್ನೊಡನೆ ಉಂಡಿತು, ಮಲಗಿತು, ಎದ್ದಿತು.

ಈ ಮೆಸೇಜುಗಳಲ್ಲಿ ಅರವತ್ತನ್ನು ಆರಿಸಿ ನಾನು ಲೂಚಿಯಾಳ ಫೋನಿಗೆ ಕಳಿಸಿದೆ. ಕೊನೆಯದೂ ಅದರಲ್ಲಿ ಅರವತ್ತನೆಯದಾಗಿ ಸೇರಿಹೋಯಿತು. ಬೆರಳು ಜಾರಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಓದುಗರೇ, ಬೆರಳು ಜಾರಲಿಲ್ಲ. ನಾನು ಕೇಳಲಾರದ್ದನ್ನು ನನಗಿಂತ ಮೊದಲು ಬೇರೆ ಯಾರಾದರೂ ಕೇಳಲಿ ಎಂಬ ಹೇಡಿತನ ಅದು. ಅದೂ ಕನ್ನಡ ಬಾರದ ಕಿವಿಯಾದರೆ ಇನ್ನೂ ಅನುಕೂಲವೆಂಬ ಲೆಕ್ಕಾಚಾರ.

ಹತ್ತು ಹದಿನೈದು ದಿನ ಕಳೆದಿರಬೇಕು. ಬೆಳಗಿನ ಹನ್ನೊಂದರ ಹೊತ್ತು, ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ಆ ಗಾಳಿಯಲ್ಲಿ ಮೂಲೆಯ ಅಂಗಡಿಯಿಂದ ನೀಲವ್ವನ ದನಿ ಬಂತು. ತೊಗರಿಬೇಳೆಯನ್ನು ಕುರಿತು ವಾದಿಸುತ್ತಿತ್ತು. ಅದೇ ಎಳೆತ, ಅದೇ ಕೊನೆಯ ಏರಿಕೆ, ನಡುವೆ ಅದೇ ಒಣಕೆಮ್ಮು. ನಾನು ಪೇಪರಿನ ಪುಟ ತಿರುವಿ, ಇವತ್ತು ಬೇಳೆ ಹುಳಿ ಆಗುತ್ತದೆ ಎಂದುಕೊಂಡೆ. ಇದನ್ನು ನಾನು ಹೇಳಲೇಬೇಕು: ಪೂರ್ತಿ ಅರ್ಧ ನಿಮಿಷ ನನಗೆ ಅದರಲ್ಲಿ ಯಾವ ಅಸಂಗತಿಯೂ ಕಾಣಲಿಲ್ಲ. ಆಮೇಲೆ ಒಳಗೆ ಶಾಂತವ್ವನ ಕೈಯಿಂದ ತಾಟು ಬಿದ್ದ ಸದ್ದಾಯಿತು. ಆಗ ನನ್ನ ಮೈಮೇಲಿನ ಕೂದಲು ಒಂದೊಂದಾಗಿ ಎದ್ದು ನಿಂತವು.

ಸಂಗಪ್ಪನ ಅವಸ್ಥೆ ಇನ್ನೂ ಕಠಿಣವಾಗಿತ್ತು. ಅವನು ಬೆನ್ನು ತಿರುಗಿಸಿ ಡಬ್ಬಿ ಇಳಿಸುತ್ತಿದ್ದಾಗ ಹಿಂದಿನಿಂದ ಆ ದನಿ ಕೇಳಿ, ತಿರುಗದೆಯೇ, ಬರ್ರಿ ಅಕ್ಕಾರ, ಹೊಸಾ ಬ್ಯಾಳಿನ ಬಂದೈತಿ ಎಂದುಬಿಟ್ಟಿದ್ದ. ತಿರುಗಿ ನೋಡಿದರೆ ಕಂದುಗೂದಲಿನ, ಉದ್ದ ಮೂಗಿನ ಪರದೇಶದ ಹೆಂಗಸು. ಆ ಸಂಜೆ ಅವನು ದೆವ್ವ ಹೋಗಲೆಂದು ಅಂಗಡಿಗೆ ಲೋಬಾನದ ಹೊಗೆ ಹಾಕಿಸಿದ. ಲೂಚಿಯಾಳಿಗೆ ಇದರಲ್ಲಿ ಅಂಜುವಂಥದೇನೂ ತೋರಲಿಲ್ಲ. ನೇಯುವವಳಾದ್ದರಿಂದ ಅವಳ ಕ್ರಮ ಅದೇ. ಮಾದರಿಯ ಸೀರೆಯಲ್ಲಿ ಒಂದೆಳೆ ದಪ್ಪವಿದ್ದರೆ ತನ್ನದರಲ್ಲಿಯೂ ಅಲ್ಲಿಯೇ ದಪ್ಪ ಎಳೆ ಬರಬೇಕು. ಯಾವುದು ಭಾಷೆ, ಯಾವುದು ಕೆಮ್ಮು ಎಂದು ಬೇರ್ಪಡಿಸುವ ಅಧಿಕಾರ ಕಲಿಯುವವರಿಗಿಲ್ಲವೆಂದು ಅವಳು ನನಗೇ ಪಾಠ ಹೇಳಿದಳು. ಹೀಗಾಗಿ ಒಂದು ದಿನ ಅಕ್ಕಿಯ ಮಾತಿನ ನಡುವೆ ತಟ್ಟನೆ ನಿಲ್ಲಿಸಿ, ಪಕ್ಕಕ್ಕೆ ಹೊರಳಿ, ಇಲ್ಲದ ಬೆಕ್ಕನ್ನು ನೀಲವ್ವನ ಹಾಗೆಯೇ ಗದರಿದಳು. ಅಂಗಡಿಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಮಲಗಿದ್ದ ಸಂಗಪ್ಪನ ಬೆಕ್ಕು ಚೀಲದ ಮೇಲಿಂದ ಜಿಗಿದು ಹೊರಗೆ ಓಡಿತು. ಬೆಕ್ಕು ಗದರಿದ್ದಕ್ಕೆ ಓಡಿತೆಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿದೆ. ಸಂಗಪ್ಪ ಒಪ್ಪಲಿಲ್ಲ, ಯಾರು ಗದರಿದರೂ ಜಗ್ಗದ ಬೆಕ್ಕು ಅದೆಂದು ಅವನ ವಾದ.

ಬಳೆಯ ಅಂಗಡಿಯ ಹುಸೇನಬಿಯದು ಮತ್ತೂ ವಿಚಿತ್ರ. ನಾಗರಪಂಚಮಿಗೆ ಮುಂಚೆ ಬಳೆ ತರುವ ವಿಷಯದ ಒಂದು ಮೆಸೇಜಿತ್ತು. ಅದನ್ನು ಕಲಿತುಕೊಂಡು ಲೂಚಿಯಾ ಅವಳ ಮುಂದೆ ಹೋಗಿ ಕೂತಳು. ಹುಸೇನಬಿಗೆ ವಯಸ್ಸಾಗಿ ಕಣ್ಣು ಮಂಜು. ದನಿ ಕೇಳಿದವಳೇ ಕೈ ಹಿಡಿದು, ಅಳತೆ ಕೇಳದೆ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿಬಿಟ್ಟಳು. ಮಗ್ಗದ ಕೆಲಸದಿಂದ ಗಡಸಾದ ಆ ದೊಡ್ಡ ಕೈಗೆ ನೀಲವ್ವನ ಅಳತೆಯ ಬಳೆ ಹೇಗೆ ಏರಿತೋ ದೇವರಿಗೇ ಗೊತ್ತು, ಒಂದೂ ಒಡೆಯಲಿಲ್ಲ. ನಾನು ಹೋಗಿ ವಿಚಾರಿಸಿದಾಗ ಮುದುಕಿ ಸಂಕಟಪಟ್ಟುಕೊಂಡು, ದನಿ ಕೇಳಿ ತನ್ನ ಕೈ ತಾನೇ ಅಳತೆ ತೆಗೆಯಿತು, ತನ್ನದೇನೂ ತಪ್ಪಿಲ್ಲ ಎಂದಳು. ಅಂದಿನಿಂದ ಆ ದನಿಯೊಂದಿಗೆ ಬಳೆಯ ಸದ್ದೂ ಬರತೊಡಗಿತು.

ನಾನಾದರೂ ಇದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹನ್ನೊಂದಾಗುವುದನ್ನೇ ಕಾಯತೊಡಗಿದೆ. ಬೆಳಿಗ್ಗೆ ಬೇಗ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಕೈಚೀಲ ಹಿಡಿದು ಸಂಗಪ್ಪನ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ, ದನಿ ಕೇಳುವಷ್ಟು ಹತ್ತಿರ ಮುಖ ಕಾಣದಷ್ಟು ದೂರ ಕೂರುತ್ತಿದ್ದೆ. ಈ ವಯಸ್ಸಿನಲ್ಲಿ ಇಸ್ತ್ರಿ ಅಂಗಿ ಹಾಕಿ ಕಟ್ಟೆಗೆ ಕೂರುವ ಗಂಡಸಿನ ಬಗ್ಗೆ ಊರು ಏನು ಮಾತಾಡುತ್ತದೆಂಬುದು ನನಗೆ ತಿಳಿಯದ್ದಲ್ಲ. ಮಾತಾಡಲಿ, ನನಗೆ ನಾಚಿಕೆ ಬಿಟ್ಟುಹೋಗಿತ್ತು. ಒಂದು ದಿನ ಓಣಿಯಲ್ಲಿ ಹೋಗುತ್ತಿದ್ದಾಗ ಬೆನ್ನ ಹಿಂದಿನಿಂದ, ಎಷ್ಟು ಸಲ ಕರೀಬೇಕ್ರಿ ಎಂಬ ಮಾತು ಬಂತು. ತಿರುಗಿ ನೋಡುವ ಮೊದಲೇ ನನ್ನ ಬಾಯಿ, ಬಂದೆ ಎಂದು ಉತ್ತರಿಸಿಯಾಗಿತ್ತು. ಲೂಚಿಯಾ ತನ್ನ ಇಟಾಲಿಯನ್ ಪಾಠಕ್ಕೆ ನಾನು ಬರಲಿಲ್ಲವೆಂದು ಕರೆಯುತ್ತಿದ್ದಳು ಅಷ್ಟೆ; ಆದರೆ ಅವಳು ಕಲಿತ ಕನ್ನಡವೆಲ್ಲ ನೀಲವ್ವನದೇ ಆದ್ದರಿಂದ ಅವಳು ಕರೆದರೂ ನೀಲವ್ವ ಕರೆದಂತೆಯೇ ಆಗುತ್ತಿತ್ತು.

ಶಾಂತವ್ವ ಒಂದು ದಿನ ನನ್ನ ಮುಂದೆ ಚಹಾ ಇಟ್ಟು, ಬಾಗಿಲ ಮರೆಯಲ್ಲಿ ನಿಂತಳು. ಅವಳು ನನ್ನೆದುರು ಹೆಚ್ಚು ಮಾತಾಡುವವಳಲ್ಲ.

"ಭಾವಾರ, ಸತ್ತವರ ಮಾತ ಹಿಂಗ ಪ್ಯಾಟ್ಯಾಗ ಆಡಸಬಾರದ್ರಿ. ಅಕ್ಕ ಹೋಗಬೇಕಂದ್ರೂ ಆಕೀಗೆ ಹೋಗಾಕ ಆಗೂದಿಲ್ಲ."

ಮರುದಿನ ಹನ್ನೊಂದಕ್ಕೆ ನಾನು ಚೀಲ ಹಿಡಿದು ಹೊರಬಿದ್ದಾಗ, ಶಾಂತವ್ವ ಒಲೆಯ ಮೇಲಿನ ಅನ್ನವನ್ನು ಹಾಗೆಯೇ ಬಿಟ್ಟು ಬಂದು ಹೊಸ್ತಿಲಲ್ಲಿ ನಿಂತಿದ್ದಳು, ಕಿವಿ ಮೂಲೆಯ ಅಂಗಡಿಯ ಕಡೆಗಿತ್ತು.

ಹೇಳಲಾರದ್ದನ್ನು ಪರಭಾಷೆಯಲ್ಲಿ ಹೇಳುವುದು ಸುಲಭ. ತಮ್ಮನಿಗೆ, ಶಾಂತವ್ವನಿಗೆ, ಇಷ್ಟು ವರ್ಷದ ಗೆಳೆಯರಿಗೆ ಕನ್ನಡದಲ್ಲಿ ಒಮ್ಮೆಯೂ ಆಡದ ಮಾತನ್ನು ನಾನು ಒಂದು ಮಧ್ಯಾಹ್ನ ಲೂಚಿಯಾಳಿಗೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ರೋಣ, ಪಂಕ್ತಿ, ಹೋಳಿಗೆ, ಕೇಳದೆ ಉಳಿದ ಮೆಸೇಜು. ಅದು ಅವಳ ಫೋನಿನಲ್ಲಿಯೂ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ನೂಲು ಸುತ್ತುವುದನ್ನು ನಿಲ್ಲಿಸಿ, ತನ್ನ ಹಸಿರು ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಆಗ ಅವಳು ನಲವತ್ತನೆಯ ಮೆಸೇಜಿನ ಆಸುಪಾಸಿನಲ್ಲಿದ್ದಳು. ನಾನು ಕಳಿಸಿದ ಕ್ರಮದಲ್ಲಿಯೇ, ದಿನಕ್ಕೊಂದರಂತೆ, ಒಂದನ್ನೂ ಬಿಡದೆ ಕಲಿಯುತ್ತಿದ್ದಳು. ಇದರ ಅರ್ಥ ನನಗೆ ತಡವಾಗಿ ಹೊಳೆಯಿತು. ಇನ್ನು ಇಪ್ಪತ್ತು ದಿನಕ್ಕೆ ಆ ಮಾತು, ಏನೇ ಇರಲಿ, ಸಂಗಪ್ಪನ ಅಂಗಡಿಯಲ್ಲಿ, ನಾಲ್ಕು ಜನರ ನಡುವೆ, ನೀಲವ್ವನ ಬಾಯಿಂದಲೇ ಎಂಬಂತೆ ಹೊರಬರುತ್ತದೆ. ನಾನು ದಿನ ಎಣಿಸತೊಡಗಿದೆ. ಊಟ ರುಚಿಸದಾಯಿತು. ಐವತ್ತೆಂಟು, ಕೊತ್ತಂಬರಿ. ಐವತ್ತೊಂಬತ್ತು, ಉಪ್ಪಿನಕಾಯಿಯ ನಿಂಬೆಹಣ್ಣು. ಅರವತ್ತನೆಯ ದಿನ ಹನ್ನೊಂದಾಯಿತು, ಹನ್ನೆರಡಾಯಿತು, ಲೂಚಿಯಾ ಅಂಗಡಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಐದು ದಿನ ಅವಳು ನೇಕಾರರ ಮನೆಯಿಂದ ಹೊರಗೆ ಕಾಲಿಡಲಿಲ್ಲ, ಮಗ್ಗಕ್ಕೂ ಕೂತಿಲ್ಲವೆಂದು ಸುದ್ದಿ ಬಂತು. ಪೇಟೆ ಒಂದು ಥರ ಬಿಕೋ ಎನ್ನತೊಡಗಿತು. ಸಂಗಪ್ಪ ಕೂಡ ಒಮ್ಮೆ ದಾರಿಯ ಕಡೆ ನೋಡಿ, ಅಕ್ಕಾರು ಯಾಕ ಬರಲಿಲ್ಲ ಎಂದ. ಯಾವ ಅಕ್ಕ ಎಂದು ನಾನು ಕೇಳಲಿಲ್ಲ.

ಆರನೆಯ ದಿನ ಅವಳು ಹೇಳಿಕಳಿಸಿದಳು: ಇವತ್ತು ಕೊನೆಯ ಪಾಠ, ಮಾಸ್ತರು ಅಂಗಡಿಗೆ ಬರಬೇಕು.

ನಾನು ಹೋದೆ. ಅವಳು ಆಗಲೇ ಬಂದು ಕಟ್ಟೆಯ ಮುಂದೆ ನಿಂತಿದ್ದಳು. ತಾನು ನೇಯ್ದ ಮೊದಲ ಸೀರೆಯನ್ನು ಉಟ್ಟಿದ್ದಳು, ಮುಖ ಬಾಡಿತ್ತು. ಸಂಗಪ್ಪ ತಕ್ಕಡಿಯ ಹಿಂದೆ ಕೈಕಟ್ಟಿ ನಿಂತ. ಈ ಸಲ ಅವಳು ಅವನ ಕಡೆ ತಿರುಗಲಿಲ್ಲ, ನನ್ನ ಕಡೆಗೆ ತಿರುಗಿದಳು. ನಾನು ನೆಲ ನೋಡಿದೆ. ಬಳೆ ಸದ್ದಾಯಿತು, ಕ್ಷಣ ಬಿಟ್ಟು ನೀಲವ್ವನ ದನಿ ಬಂತು.

"ನೋಡ್ರಿ, ಅರ್ಧ ಕಿಲೋ ಬೆಲ್ಲಾ ತರ್ರಿ. ಕರೀ ಬೆಲ್ಲ ಬ್ಯಾಡ. ಅವಸರ ಏನೂ ಇಲ್ಲ, ಹೊಟ್ಟಿತುಂಬ ಉಂಡು ಸಾವಕಾಶ ಬರ್ರಿ."

ಅಷ್ಟೇ. ಸಂಗಪ್ಪ ಬೆಲ್ಲ ತೂಗಿ, ಕಾಗದದಲ್ಲಿ ಕಟ್ಟಿ, ಅವಳ ಕೈಗಲ್ಲ, ನನ್ನ ಕೈಗೆ ಕೊಟ್ಟ. ನಾನು ಅದನ್ನು ಎದೆಗೆ ಒತ್ತಿಕೊಂಡು ಹಾಡಹಗಲೇ, ಪೇಟೆಯ ನಡುವೆ, ಮಗುವಿನಂತೆ ಅತ್ತೆ. ನೀಲವ್ವ ಕರೆದಿರಲಿಲ್ಲ. ಉಂಡು ಬಾ ಎಂದಿದ್ದಳು. ನಾನು ಉಣ್ಣುತ್ತಿದ್ದುದು ಅವಳ ಮಾತಿನಂತೆಯೇ ಆಯಿತು.

ಆಮೇಲಿನ ಎಂಟು ಹತ್ತು ದಿನಗಳ ಹಗುರವನ್ನು ನಾನು ವರ್ಣಿಸಲಾರೆ. ಶಾಂತವ್ವನಿಗೆ ಎಲ್ಲ ಹೇಳಿದೆ. ಅವಳೂ ಅತ್ತು, ಆ ಬೆಲ್ಲದಿಂದಲೇ ಹೋಳಿಗೆ ಮಾಡಿದಳು. ಹದಿನಾರು ತಿಂಗಳ ಮೇಲೆ ನಾನು ಹೋಳಿಗೆ ಮುಟ್ಟಿದೆ. ಲೂಚಿಯಾ ಊರಿಗೆ ಹೊರಡುವ ತಯಾರಿಯಲ್ಲಿದ್ದಳು. ಅಂಗಡಿಗಳಿಗೆ ಈಗ ಹೋಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಎರಡೇ ಪದಗಳಲ್ಲಿ, ತಡವರಿಸಿ, ತನ್ನದೇ ಒಡ್ಡೊಡ್ಡಾದ ಕನ್ನಡದಲ್ಲಿ ಉತ್ತರಿಸುತ್ತಿದ್ದಳು. ದಣಿದಿದ್ದಾಳೆ ಎಂದುಕೊಂಡೆ.

ಅವಳು ಹೊರಡುವ ದಿನ ಬೆಳಿಗ್ಗೆ, ನನಗೊಂದು ಆಸೆಯಾಯಿತು. ಆ ಮಾತನ್ನು ಅದರ ಮೂಲದ ಗಂಟಲಿನಲ್ಲಿಯೇ ಒಮ್ಮೆ ಕೇಳಬೇಕು. ಇನ್ನು ಅಂಜಿಕೆ ಏತರದು? ಪಡಸಾಲೆಯಲ್ಲಿ ಕೂತು, ಫೋನನ್ನು ಕಿವಿಗೆ ಹಿಡಿದು, ಹಸಿರು ಚುಕ್ಕೆಯ ಪಕ್ಕದಲ್ಲಿ ಬೆರಳಿಟ್ಟೆ.

"ನೋಡ್ರಿ, ಅರ್ಧ ಕಿಲೋ ಬೆಲ್ಲಾ ತರ್ರಿ. ಕರೀ ಬೆಲ್ಲ ಬ್ಯಾಡ."

ಇಷ್ಟು ಅಂಗಡಿಯ ದನಿ. ಆಮೇಲೆ ಬಹಳ ಹೊತ್ತು ಏನೂ ಇರಲಿಲ್ಲ, ಉಸಿರಿನ ಸದ್ದು ಮಾತ್ರ. ಮುಗಿಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆಯುವಷ್ಟರಲ್ಲಿ ಮತ್ತೆ ಮಾತು ಬಂತು. ಈ ಸಲ ಮನೆಯ ದನಿ, ಮೂವತ್ತೈದು ವರ್ಷ ನಾನೊಬ್ಬನೇ ಕೇಳಿದ್ದ, ಯಾವ ಅಂಗಡಿಯವನೂ ಕೇಳಿರದ ದನಿ.

"ಬ್ಯಾಡ ಬಿಡ್ರಿ, ಏನೂ ತರಬ್ಯಾಡ್ರಿ. ಹ್ಯಾಂಗೋ ಆಗಾಕತ್ತೈತಿ. ಲಗೂ ಬರ್ರಿ."

ಹುಸೇನಬಿಯ ಬಳೆ, ಸಂಗಪ್ಪನ ಬೆಕ್ಕು ನನಗೆ ಈಗ ಸಾಧಾರಣ ವಿಷಯಗಳಾಗಿ ತೋರಿದವು. ಕೆಮ್ಮನ್ನೂ ಬಿಡದೆ ಐವತ್ತೊಂಬತ್ತು ಮೆಸೇಜುಗಳನ್ನು ಎಳೆ ಎಳೆಯಾಗಿ ನಕಲು ಮಾಡಿದವಳು ಅರವತ್ತನೆಯದರ ಮುಂದೆ ಐದು ದಿನ ಬಾಗಿಲು ಹಾಕಿಕೊಂಡು ಕೂತಿದ್ದಳು. ಆ ಐದು ದಿನಗಳಲ್ಲಿ ಅವಳು, ಯಾರೂ ಹೇಳಿಕೊಡದೆ, ಮೊದಲ ಬಾರಿಗೆ, ಒಂದು ಸ್ವಂತ ಕನ್ನಡ ವಾಕ್ಯವನ್ನು ರಚಿಸಿದ್ದಳು. ಅದು ನನ್ನ ಹೆಂಡತಿಯ ದನಿಗೆ ಒಪ್ಪುವ ತನಕ ತಿದ್ದಿ ತೀಡಿದ್ದಳು. ಮೂವತ್ತೊಂದು ವರ್ಷ ಭಾಷೆ ಕಲಿಸಿದ ನಾನು ಒಂದು ಭಾಷೆ ಬಂತೆಂದು ಹೇಳುವುದು ಯಾವಾಗ ಎಂಬುದಕ್ಕೆ ನಾನಾ ಪರೀಕ್ಷೆಗಳನ್ನು ಮಾಡಿದ್ದೇನೆ; ಎದುರಿನವನು ಉಳಿಯಲಿ ಎಂದು ಸುಳ್ಳು ಹೇಳಲು ಬಂದಾಗ ಭಾಷೆ ಬಂದಂತೆ ಎಂಬ ಪರೀಕ್ಷೆ ಯಾವ ಪಠ್ಯಕ್ರಮದಲ್ಲಿಯೂ ಇರಲಿಲ್ಲ. ಸಿಟ್ಟು ಬಂತೇ ಎಂದು ನೀವು ಕೇಳಬಹುದು. ಬಂತು. ಸತ್ತವಳ ಕೊನೆಯ ಮಾತನ್ನು ಬದಲಿಸಲು ಇವಳು ಯಾರು? ನೇಕಾರರ ಮನೆಗೆ ಹೋಗಿ ಕೇಳಿಯೇಬಿಡಬೇಕೆಂದು ಎದ್ದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೆ. ಹೊಸ್ತಿಲ ತನಕ ಹೋದೆ. ಶಾಂತವ್ವ ಅಂಗಳದಲ್ಲಿ ಯಾವುದೋ ಹಾಡು ಗುನುಗುತ್ತ ಬೇಳೆ ಆರಿಸುತ್ತಿದ್ದಳು. ಆ ಮೆಸೇಜು ಬಂದ ದಿನ ಇಟಗಿಗೆ ಹೋಗಿದ್ದಕ್ಕೆ ಅವಳೂ ಹದಿನಾರು ತಿಂಗಳು ಹಾಡಿರಲಿಲ್ಲ ಎಂಬುದು ನನಗೆ ಆಗಲೇ ಗಮನಕ್ಕೆ ಬಂದದ್ದು. ಫೋನನ್ನು ಜೇಬಿಗಿಳಿಸಿದೆ.

ಮಧ್ಯಾಹ್ನ ಬಸ್‌ ಸ್ಟ್ಯಾಂಡಿನಲ್ಲಿ ಅರ್ಧ ಓಣಿಯೇ ನೆರೆದಿತ್ತು. ಸಂಗಪ್ಪ ಒಂದು ಪೊಟ್ಟಣ ಚುರುಮುರಿ ಕೊಟ್ಟ, ಶಾಂತವ್ವ ಉಡಿ ತುಂಬಿದಳು. ರೋಣದ ಮೇಲೆ ಗದಗಿಗೆ ಹೋಗುವ ಬಸ್ಸು ಬಂದು ನಿಂತಿತು. ಲೂಚಿಯಾ ಎಲ್ಲರಿಂದ ಬೀಳ್ಕೊಂಡು ಕೊನೆಗೆ ನನ್ನೆದುರು ಬಂದು, ಬೇರೆಯವರಿಗೆ ಕೇಳದಷ್ಟು ಸಣ್ಣಗೆ, ಪದ ಪದಕ್ಕೂ ಎಡವುತ್ತ ಕೇಳಿದಳು.

"ಸರ್, ಆ ಮೆಸೇಜು... ನೀವು... ಕೇಳಿದಿರಿ?"

ಅದರಲ್ಲಿ ನೀಲವ್ವನ ಒಂದೆಳೆಯೂ ಇರಲಿಲ್ಲ. ಮುಖದಲ್ಲಿ ಎಂಥ ಭಯವಿತ್ತೆಂದರೆ, ಹದಿನಾರು ತಿಂಗಳು ಕನ್ನಡಿಯಲ್ಲಿ ನಾನು ನೋಡಿದ್ದ ಭಯವೇ ಅದು. ಕನ್ನಡದಲ್ಲಿ ಉತ್ತರಿಸಿದ್ದರೆ ನನ್ನ ದನಿ ನನ್ನನ್ನು ಹಿಡಿದುಕೊಡುತ್ತಿತ್ತು. ಅಂಗಡಿಯವರು ಕೇಳಿದಾಗ ಇನ್ನೂ ಇಲ್ಲ ಎನ್ನಲು ಅವಳೇ ಕಲಿಸಿದ್ದ ಮಾತು ಒಂದಿತ್ತು.

"ನೊನ್ ಆಂಕೋರಾ," ಎಂದೆ.

ಒಂದು ಅಕ್ಷರದ ಒತ್ತು ತಪ್ಪಿದರೂ ಸಂತೆಯ ನಡುವೆ ನಿಲ್ಲಿಸಿ ಮೂರು ಸಲ ಹೇಳಿಸುತ್ತಿದ್ದವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಕಣ್ಣು ತುಂಬಿ ಬಂದವು. ನನ್ನ ಎರಡೂ ಕೈ ಹಿಡಿದು, ಹಣೆಗೆ ಒತ್ತಿಕೊಂಡು, ಏನನ್ನೂ ತಿದ್ದದೆ ಬಸ್ಸು ಹತ್ತಿದಳು.